ತುಟಿ ಹಾಡುತ್ತದೆ, ಮನಸ್ಸು ಬರುವುದಿಲ್ಲ: ಪೂರ್ಣ ಹೃದಯದಿಂದ ಸ್ತುತಿಸಲು ಹಂತ ಹಂತದ ಮಾರ್ಗದರ್ಶಿ

"ಹಾಡುತ್ತೇನೆ, ಆದರೆ ಮನಸ್ಸು ಎಲ್ಲೋ ಇರುತ್ತದೆ." ಸಭೆಯಲ್ಲಿ ಹಾಡು ನಡೆಸುವ ನಾನು ಈ ಮಾತನ್ನು ಕೇಳಿದಷ್ಟು ಸಲ ಬೇರೆ ಯಾವ ದೂರನ್ನೂ ಕೇಳಿಲ್ಲ. ಹೇಳುವವರು ಹೊಸಬರೇನಲ್ಲ. ವರ್ಷಗಟ್ಟಲೆ ಆರಾಧನೆಗೆ ಬಂದವರು, ಮನೆಯಲ್ಲಿ ದಿನವೂ ಬೈಬಲ್ ತೆರೆಯುವವರು.

ಅವರು ಮಾಡಿ ನೋಡಿದ ಉಪಾಯಗಳೂ ಹೆಚ್ಚುಕಡಿಮೆ ಒಂದೇ. ದನಿ ಏರಿಸುತ್ತಾರೆ. ಹಾಡುಗಳ ಸಂಖ್ಯೆ ಹೆಚ್ಚಿಸುತ್ತಾರೆ. ಕಣ್ಣು ಬಿಗಿಯಾಗಿ ಮುಚ್ಚಿ ಕಣ್ಣೀರಿಗಾಗಿ ಕಾಯುತ್ತಾರೆ. ಒಂದು ವಾರ ಏನೋ ಆದ ಹಾಗಿರುತ್ತದೆ, ಮುಂದಿನ ವಾರ ಮತ್ತೆ ಬರಿದು. ಕೊನೆಗೆ "ನನ್ನ ವಿಶ್ವಾಸದಲ್ಲೇ ಏನೋ ಕೊರತೆ" ಎಂದು ಕೈಚೆಲ್ಲುತ್ತಾರೆ.

ನಾನು ಕಂಡ ಮಟ್ಟಿಗೆ ಕೊರತೆ ಇರುವುದು ವಿಶ್ವಾಸದಲ್ಲಲ್ಲ, ಕ್ರಮದಲ್ಲಿ. ಬಹುತೇಕರು ಭಾವದಿಂದ ಶುರು ಮಾಡಲು ನೋಡುತ್ತಾರೆ: ಮನಸ್ಸು ತುಂಬಿ ಬಂದರೆ ಸ್ತುತಿಸೋಣ ಎನ್ನುತ್ತಾರೆ. ಇಲ್ಲಿ ಹೇಳುವ ಕ್ರಮ ಅದಕ್ಕೆ ತಿರುಗುಮುರುಗು. ಮೊದಲು ನೆನಪು, ನೆನಪಿನಿಂದ ಮಾತು, ಮಾತಿನಿಂದ ಹಾಡು. ಭಾವ ಬಂದರೆ ಕೊನೆಗೆ ಬರುತ್ತದೆ, ಬಾರದಿದ್ದರೂ ಸ್ತುತಿ ಸ್ತುತಿಯೇ.

## ಮೊದಲು ಒಂದು ಪದ: ಹೃದಯ

"ಪೂರ್ಣ ಹೃದಯದಿಂದ" ಎಂದಾಗ ನಾವು "ಉಕ್ಕುವ ಭಾವದಿಂದ" ಎಂದು ಕೇಳಿಸಿಕೊಳ್ಳುತ್ತೇವೆ. ತಪ್ಪು ಶುರುವಾಗುವುದೇ ಇಲ್ಲಿ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಹೃದಯಕ್ಕೆ "ಲೇವ್" ಎನ್ನುತ್ತಾರೆ. ಆ ಪದದೊಳಗೆ ಭಾವ ಮಾತ್ರವಲ್ಲ, ಯೋಚನೆ, ತೀರ್ಮಾನ, ನೆನಪು ಎಲ್ಲವೂ ಸೇರಿವೆ. ಹಾಗಾಗಿ ಪೂರ್ಣ ಹೃದಯಕ್ಕೆ ಎದುರಾದದ್ದು ಒಣ ಹೃದಯವಲ್ಲ, ಒಡೆದ ಗಮನ.

ಬೈಬಲ್ಲಿನ ಕೀರ್ತನೆಗಳ ಪುಸ್ತಕದಲ್ಲಿ ಕೀರ್ತನೆ 86ರ 11 ಮತ್ತು 12ನೇ ವಚನಗಳನ್ನು ಜೊತೆಯಾಗಿ ಓದಿ. ಮೊದಲು ಹೃದಯವನ್ನು ಒಂದುಗೂಡಿಸು ಎಂಬ ಬೇಡಿಕೆ, ಅದರ ಮರುವಚನದಲ್ಲೇ ಪೂರ್ಣ ಹೃದಯದಿಂದ ಕೊಂಡಾಡುತ್ತೇನೆ ಎಂಬ ಮಾತು. ಒಂದುಗೂಡಿಸಬೇಕಾದ ಹೃದಯ ಎಂದರೆ ಚದುರಿದ್ದು ಎಂದೇ ಅರ್ಥ. ಕೀರ್ತನೆಗಾರನಿಗೂ ಅದು ಚದುರುತ್ತಿತ್ತು ಎಂದು ತಿಳಿದರೆ ಅರ್ಧ ಭಾರ ಇಳಿಯುತ್ತದೆ.

## ಹತ್ತಿರ ಇಟ್ಟುಕೊಳ್ಳಬೇಕಾದದ್ದು

ಹೆಚ್ಚೇನೂ ಬೇಡ. ಕಾಗದದ ಬೈಬಲ್ ಒಂದು. ಫೋನಿನಲ್ಲಿರುವ ಬೈಬಲ್ಲೂ ಬೈಬಲ್ಲೇ, ಆದರೆ ಅದೇ ಪರದೆಯ ಮೇಲೆ ಸಂದೇಶವೂ ಬರುತ್ತದೆ. ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು. ಪುಸ್ತಕ ನೋಡದೆ ಹಾಡಬಲ್ಲ ಎರಡು ಮೂರು ಹಾಡುಗಳು. ದಿನಕ್ಕೆ 15 ನಿಮಿಷ.

ವಾದ್ಯ, ಸ್ಪೀಕರ್, ಹಿನ್ನೆಲೆ ಸಂಗೀತ ಇವು ಯಾವುವೂ ಆರಂಭದಲ್ಲಿ ಬೇಡ. ಮೊದಲ ಒಂದು ತಿಂಗಳು ಸಂಗೀತವನ್ನು ಪೂರ್ತಿ ದೂರ ಇಡಿ ಎನ್ನುತ್ತೇನೆ. ಹಾಡು ನಡೆಸುವವನೇ ಹೀಗೆ ಹೇಳುವುದು ವಿಚಿತ್ರ, ಗೊತ್ತು. ಆದರೆ ರಾಗ ನಮ್ಮನ್ನು ಎತ್ತಿಕೊಂಡು ಹೋಗುತ್ತದೆ, ನಡೆಯಲು ಕಲಿಸುವುದಿಲ್ಲ.

## ಹಂತ 1: ಜಾಗ ಮತ್ತು ಹೊತ್ತು

ದಿನವೂ ಅದೇ ಜಾಗ, ಅದೇ ಹೊತ್ತು. ಬಾಯಿಬಿಟ್ಟು ಮಾತಾಡಲು ಸಂಕೋಚವಾಗದ ಜಾಗವಾಗಿರಲಿ. ಮುಂದಿನ ಹಂತಗಳಲ್ಲಿ ದನಿ ಬೇಕಾಗುತ್ತದೆ. ಫೋನನ್ನು ಸೈಲೆಂಟ್ ಮಾಡಿದರೆ ಸಾಲದು, ಇನ್ನೊಂದು ಕೋಣೆಯಲ್ಲಿಡಿ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿ ಎಂದು ಯೇಸು ಹೇಳಿದ್ದು (ಮತ್ತಾಯ 6:6) ಜನರ ಮೆಚ್ಚುಗೆಗಾಗಿ ಪ್ರಾರ್ಥಿಸುವವರ ವಿಷಯದಲ್ಲಿ. ಇಂದಿನ ಬಾಗಿಲಿಗೆ ಫೋನೂ ಸೇರುತ್ತದೆ.

ಕುಳಿತ ಕೂಡಲೇ ತಲೆಯಲ್ಲಿ ಕೆಲಸದ ಪಟ್ಟಿ ಓಡುತ್ತದೆ. ಓಡಿಸಬೇಡಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಬರೆದದ್ದನ್ನು ಮನಸ್ಸು ಮತ್ತೆ ಮತ್ತೆ ನೆನಪಿಸುವುದು ಕಡಿಮೆ.

## ಹಂತ 2: ಗಂಟಲಿಗೆ ಅಡ್ಡವಾದದ್ದನ್ನು ತೆಗೆಯಿರಿ

ಹಲವರು ಹಾರಿಬಿಡುವ ಹಂತ ಇದು. ಕೀರ್ತನೆ 51ರಲ್ಲಿ ತುಟಿಗಳನ್ನು ತೆರೆ, ಆಗ ಬಾಯಿ ನಿನ್ನ ಸ್ತೋತ್ರವನ್ನು ಹೇಳುತ್ತದೆ ಎಂಬ ಮಾತು ಬರುವುದು 15ನೇ ವಚನದಲ್ಲಿ. ಅದಕ್ಕೂ ಮೊದಲಿನ ವಚನಗಳಲ್ಲಿ ತುಂಬಿರುವುದು ಪಾಪದ ಅರಿಕೆ ಮತ್ತು ಕ್ಷಮೆಯ ಬೇಡಿಕೆ. ಈ ಅನುಕ್ರಮ ಸುಮ್ಮನೆ ಬಂದದ್ದಲ್ಲ.

ಎರಡು ನಿಮಿಷ ಸಾಕು. ನಿನ್ನೆಯಿಂದ ಈವರೆಗೆ ಮನಸ್ಸು ಚುಚ್ಚುತ್ತಿರುವ ಒಂದು ವಿಷಯವನ್ನು ಹೆಸರಿಟ್ಟು ಹೇಳಿ. "ನನ್ನ ಎಲ್ಲಾ ಪಾಪಗಳನ್ನು ಕ್ಷಮಿಸು" ಎಂಬ ಸಗಟು ಮಾತು ಬೇಡ. "ನಿನ್ನೆ ಸಂಜೆ ಅವಳ ಮೇಲೆ ರೇಗಿದೆ, ತಪ್ಪು ನನ್ನದಿತ್ತು" ಎಂಬಷ್ಟು ಸ್ಪಷ್ಟವಾಗಿರಲಿ.

ಯಾರೊಂದಿಗಾದರೂ ಮುರಿದುಕೊಂಡಿದ್ದರೆ ಮತ್ತಾಯ 5:23–24 ಕೊಡುವ ಸೂಚನೆ ನೇರವಾಗಿದೆ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ, ಸಮಾಧಾನ ಮಾಡಿಕೊಂಡು ಬಂದು ಆಮೇಲೆ ಅರ್ಪಿಸು. ಫೋನ್ ಮಾಡಬೇಕಾದವರಿದ್ದರೆ ಅವರ ಹೆಸರನ್ನೂ ಕೊನೆಯ ಪುಟದಲ್ಲಿ ಬರೆಯಿರಿ. ಮೂರು ದಿನ ಅದೇ ಹೆಸರು ಅಲ್ಲೇ ಕೂತಿದ್ದರೆ ನಾಲ್ಕನೇ ದಿನ ಕೀರ್ತನೆಯ ಬದಲು ಅವರಿಗೆ ಫೋನ್ ಮಾಡಿ.

ಒಂದು ಎಚ್ಚರಿಕೆ. ಹಿಂಸೆ ಕೊಟ್ಟವರ ಬಳಿಗೆ ಒಬ್ಬರೇ ಮರಳಿ ಹೋಗಿ ಎಂದು ಇದರ ಅರ್ಥವಲ್ಲ. ಅಂಥ ಪರಿಸ್ಥಿತಿ ಇದ್ದರೆ ನಂಬಿಕೆಯ ಹಿರಿಯರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಮೊದಲು ನಿಮ್ಮ ಸುರಕ್ಷತೆ ನೋಡಿಕೊಳ್ಳಿ.

## ಹಂತ 3: ಕೀರ್ತನೆಯನ್ನು ಬಾಯಿಬಿಟ್ಟು ಓದಿ, "ಯಾಕಂದರೆ" ಹುಡುಕಿ

ಈಗ ಬೈಬಲ್ ತೆರೆಯಿರಿ. ಮೊದಲ ದಿನ ಕೀರ್ತನೆ 117. 150 ಕೀರ್ತನೆಗಳಲ್ಲಿ ಅತಿ ಚಿಕ್ಕದು, ಎರಡೇ ವಚನ. ಮೊದಲನೆಯದು ಕರೆ: ಎಲ್ಲ ಜನಾಂಗಗಳೂ ಸ್ತುತಿಸಲಿ. ಎರಡನೆಯದು ಕಾರಣ: ಆತನ ಪ್ರೀತಿ ದೊಡ್ಡದು, ಆತನ ಸತ್ಯತೆ ಎಂದೆಂದಿಗೂ ಇರುತ್ತದೆ. ಸ್ತುತಿಯ ಎಲುಬುಗೂಡು ಇಷ್ಟೇ. ಕರೆ, ಕಾರಣ.

ಹೀಬ್ರೂ ಮೂಲದಲ್ಲಿ ಕಾರಣಕ್ಕೆ ಮುಂಚೆ "ಕೀ" ಎಂಬ ಪುಟ್ಟ ಪದ ಬರುತ್ತದೆ. ಕನ್ನಡ ಬೈಬಲ್ಲಿನಲ್ಲಿ ಅದು ಕೆಲವು ಕಡೆ "ಯಾಕಂದರೆ" ಎಂದು ಕಾಣಿಸುತ್ತದೆ, ಕೆಲವು ಕಡೆ ವಾಕ್ಯದೊಳಗೆ ಕರಗಿರುತ್ತದೆ. ಕೀರ್ತನೆ 136ರಲ್ಲಿ 26 ವಚನಗಳಿವೆ, 26ರಲ್ಲೂ ಆತನ ಕೃಪೆ ಶಾಶ್ವತ ಎಂಬ ಪಲ್ಲವಿ ಇದೆ. ಪಲ್ಲವಿ ಬದಲಾಗುವುದಿಲ್ಲ, ಅದರ ಮುಂದೆ ನಿಲ್ಲುವ ಸಂಗತಿ ಬದಲಾಗುತ್ತಾ ಹೋಗುತ್ತದೆ: ಸೃಷ್ಟಿ, ಬಿಡುಗಡೆ, ಅರಣ್ಯದ ದಾರಿ, ಕೊನೆಗೆ ಎಲ್ಲ ಜೀವಿಗಳಿಗೂ ಆಹಾರ.

ಇದು ನನಗೆ ತಿಳಿದದ್ದು ಮುಜುಗರದಿಂದ. ಒಂದು ಭಾನುವಾರ ಜನರಲ್ಲಿ ಉತ್ಸಾಹ ಕಾಣಲಿಲ್ಲವೆಂದು ಒಂದೇ ಪಲ್ಲವಿಯನ್ನು ಎಂಟೋ ಒಂಬತ್ತೋ ಸಲ ಹಾಡಿಸಿದೆ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಕೈಹಿಡಿದು ಹೇಳಿದರು: "ಹಾಡಿ ಹಾಡಿ ಅಂದೆ, ಯಾಕೆ ಹಾಡಬೇಕು ಅಂತ ಒಂದು ಸಲವೂ ಹೇಳಲಿಲ್ಲವಲ್ಲಪ್ಪಾ." ಅಂದು ನಾನು ಕರೆಯನ್ನು ಒಂಬತ್ತು ಸಲ ಕೊಟ್ಟಿದ್ದೆ. ಕಾರಣವನ್ನು ಒಂದು ಸಲವೂ ಕೊಟ್ಟಿರಲಿಲ್ಲ.

ಓದುವ ವಿಧಾನ ಹೀಗೆ. ದನಿ ಹೊರಡಿಸಿ ಒಂದು ಸಲ ಓದಿ. ಕಾರಣ ಹೇಳುವ ಮಾತುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಎರಡನೇ ಸಲ ಗೆರೆ ಇದ್ದಲ್ಲಿ ನಿಂತು ನಿಂತು ಓದಿ. ಗಮನ ಜಾರಿದ ವಚನಕ್ಕೆ ಹಿಂದಿರುಗಿ ಅಲ್ಲಿಂದಲೇ ಮುಂದುವರಿಸಿ. ಮೊದಲಿನಿಂದ ಓದುವ ಶಿಕ್ಷೆಯನ್ನು ನಿಮಗೆ ನೀವೇ ಕೊಟ್ಟುಕೊಳ್ಳಬೇಡಿ.

ಮೊದಲ ವಾರಕ್ಕೆ 117, 113, 136, 145, 103 ಸಾಕು. ಉಳಿದೆರಡು ದಿನ ಅವುಗಳಲ್ಲೇ ಹಿಡಿಸಿದ್ದನ್ನು ಮತ್ತೆ ಓದಿ. 146ರಿಂದ 150ರವರೆಗಿನ ಐದು ಕೀರ್ತನೆಗಳು ಹಲ್ಲೆಲೂಯಾ (ಯೆಹೋವನನ್ನು ಸ್ತುತಿಸಿರಿ) ಎಂಬ ಕರೆಯಿಂದಲೇ ಶುರುವಾಗಿ ಅದರಿಂದಲೇ ಮುಗಿಯುತ್ತವೆ. ಅವನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ. 150ನೆಯದರಿಂದ ಮಾತ್ರ ಶುರು ಮಾಡಬೇಡಿ. ಅದು ಇಡೀ ಪುಸ್ತಕದ ಶಿಖರ, ಬಹುಪಾಲು ಕರೆಯೇ ತುಂಬಿದೆ. ಏರದೆ ಶಿಖರದಲ್ಲಿ ನಿಂತರೆ ಬರೀ ಗದ್ದಲ ಕೇಳಿಸುತ್ತದೆ.

## ಹಂತ 4: ನಿಮ್ಮದೇ ಒಂದು ವಾಕ್ಯ ಬರೆಯಿರಿ

ಇಡೀ ಅಭ್ಯಾಸದ ಹೃದಯಭಾಗ ಇದು. ಬೇರೆಲ್ಲ ಹಂತ ತಪ್ಪಿದರೂ ಇದು ತಪ್ಪದಿರಲಿ.

ವಾಕ್ಯಕ್ಕೆ ಎರಡು ಭಾಗ ಬೇಕು: ದೇವರ ಒಂದು ಗುಣ, ಅದು ನಿಮಗೆ ಕಂಡ ಒಂದು ಸಂಗತಿ. ನಡುವೆ "ಯಾಕಂದರೆ".

"ದೇವರು ಒಳ್ಳೆಯವನು" ಎಂದಷ್ಟೇ ಬರೆದರೆ ಅದು ಸತ್ಯ, ಆದರೆ ಯಾರ ನೋಟ್‌ಬುಕ್ಕಿಗೂ ಹೊಂದುವ ಸತ್ಯ. "ಪರೀಕ್ಷೆ ಪಾಸಾಯಿತು, ಸ್ತೋತ್ರ" ಎಂದಷ್ಟೇ ಬರೆದರೆ ಅದು ಕೃತಜ್ಞತೆ. ಅದೂ ಬೇಕಾದದ್ದೇ, ಆದರೆ ದೃಷ್ಟಿ ಉಡುಗೊರೆಯ ಮೇಲೇ ನಿಂತಿದೆ, ಕೊಟ್ಟವನತ್ತ ಇನ್ನೂ ತಿರುಗಿಲ್ಲ. ಎರಡನ್ನೂ ಜೋಡಿಸಿದಾಗ ಸ್ತುತಿ ಹುಟ್ಟುತ್ತದೆ: "ಕರ್ತನೇ, ನೀನು ಕುಗ್ಗಿದವರನ್ನು ಎತ್ತುವವನು. ಯಾಕಂದರೆ ಮಂಗಳವಾರ ನಾನು ಬಾಗಿಲು ಹಾಕಿಕೊಂಡು ಕೂತಿದ್ದಾಗ, ಏನೂ ಗೊತ್ತಿಲ್ಲದ ಗೆಳೆಯ ಸುಮ್ಮನೆ ಬಂದು ಅರ್ಧ ಗಂಟೆ ಜೊತೆಯಲ್ಲಿದ್ದ."

ಗುಣ ಹುಡುಕಲು ಕಷ್ಟವಾದರೆ ಕೀರ್ತನೆ 145 ಒಂದು ಖಜಾನೆ. 8ನೇ ವಚನದಲ್ಲಿ ಕನಿಕರ ಮತ್ತು ದೀರ್ಘಶಾಂತಿ, 14ರಲ್ಲಿ ಬೀಳುವವರಿಗೆ ಆಧಾರ, 15 ಮತ್ತು 16ರಲ್ಲಿ ಕೈತೆರೆದು ಆಹಾರ ಕೊಡುವುದು, 18ರಲ್ಲಿ ಮೊರೆಯಿಡುವವರಿಗೆ ಹತ್ತಿರವಾಗಿರುವುದು. ಒಂದು ದಿನಕ್ಕೆ ಒಂದೇ ಗುಣ ಆರಿಸಿ.

ಸಂಗತಿ ಚಿಕ್ಕದಾಗಿರಲಿ, ಹೊಸದಾಗಿರಲಿ. ಇಲ್ಲೇ ಹೆಚ್ಚಿನವರು ಎಡವುವುದು. ಅದ್ಭುತ ನಡೆದರೆ ಮಾತ್ರ ಬರೆಯಬೇಕು ಎಂದುಕೊಂಡು ಹತ್ತು ವರ್ಷದ ಹಿಂದಿನ ಒಂದೇ ಸಾಕ್ಷಿಯನ್ನು ದಿನವೂ ತಿರುಗಿಸುತ್ತಾರೆ. ಆ ಸಾಕ್ಷಿ ಅಮೂಲ್ಯ, ಸಂದೇಹವಿಲ್ಲ. ಆದರೆ ನಿನ್ನೆಯಿಂದ ಇವತ್ತಿನೊಳಗೆ ಏನೂ ಕಾಣಲಿಲ್ಲವೆಂದರೆ ಸಮಸ್ಯೆ ನೋಟದಲ್ಲಿದೆ. ಕೀರ್ತನೆ 103 ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುತ್ತದೆ: ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ. ಮರೆವು ನಮ್ಮ ಸಹಜ ಸ್ಥಿತಿ ಎಂದು ಗೊತ್ತಿದ್ದವನ ಮಾತು ಅದು.

ಇನ್ನೊಂದು ನಿಯಮ: ಈ ಹಂತದಲ್ಲಿ ಏನನ್ನೂ ಬೇಡಬೇಡಿ. 103ನೇ ಕೀರ್ತನೆಯ 22 ವಚನಗಳಲ್ಲಿ ಒಂದಾದರೂ ಬೇಡಿಕೆ ಸಿಗುತ್ತದೆಯೇ ಹುಡುಕಿ ನೋಡಿ. ಸಿಗುವುದಿಲ್ಲ. ನಮ್ಮ ನಾಲಿಗೆಯೋ "ಸ್ತೋತ್ರ ಕರ್ತನೇ" ಎಂದ ಮರುಕ್ಷಣವೇ "ಹಾಗೆಯೇ ಈ ವಿಷಯದಲ್ಲೂ..." ಎಂದು ಬೇಡಿಕೆಗೆ ಜಾರುತ್ತದೆ. ಬೇಡಿಕೆ ತಪ್ಪಲ್ಲ, ಅದಕ್ಕೆ 15 ನಿಮಿಷದ ಆಚೆ ಬೇರೆ ಹೊತ್ತು ಕೊಡಿ. ನೆನಪಾದ ಬೇಡಿಕೆಯನ್ನೂ ಅದೇ ಕೊನೆಯ ಪುಟಕ್ಕೆ ಕಳಿಸಿ.

ಬರೆದ ವಾಕ್ಯವನ್ನು ದನಿಯೆತ್ತಿ ಹೇಳಿ. ಲೂಕ 17ರಲ್ಲಿ ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನು ಮಾತ್ರ ಹಿಂದಿರುಗಿ ಬಂದ, ಮಹಾಶಬ್ದದಿಂದ ದೇವರನ್ನು ಕೊಂಡಾಡುತ್ತಾ ಬಂದ. ಉಳಿದ ಒಂಬತ್ತು ಮಂದಿಗೆ ಮನಸ್ಸಿನೊಳಗೆ ಕೃತಜ್ಞತೆ ಇತ್ತೋ ಇಲ್ಲವೋ, ಸುವಾರ್ತೆ ಹೇಳುವುದಿಲ್ಲ. ಅದು ಬಾಯಿಗೆ ಬರಲಿಲ್ಲ, ಅಷ್ಟೇ ನಮಗೆ ಗೊತ್ತು.

## ಹಂತ 5: ದೇಹವನ್ನೂ ಕರೆತನ್ನಿ

ಸೋಫಾದಲ್ಲಿ ಒರಗಿ ಸ್ತುತಿಸಬಾರದೆಂದಿಲ್ಲ, ಆದರೆ ದೇಹ ನಿದ್ದೆಯ ಭಂಗಿಯಲ್ಲಿದ್ದರೆ ಮನಸ್ಸೂ ಅದನ್ನೇ ಹಿಂಬಾಲಿಸುತ್ತದೆ. ಕೀರ್ತನೆಗಳಲ್ಲಿ ಮೊಣಕಾಲೂರುವುದಿದೆ (95:6), ಕೈಯೆತ್ತುವುದಿದೆ (134:2), ಚಪ್ಪಾಳೆ ಇದೆ (47:1), ಸುಮ್ಮನಿರುವುದೂ ಇದೆ (46:10). ಒಂದು ವಾರ ಒಂದೊಂದು ದಿನ ಒಂದೊಂದನ್ನು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾಡಿ ನೋಡಿ. ಮೊಣಕಾಲು ನೋವಿರುವವರು ಕುರ್ಚಿಯಲ್ಲೇ ತಲೆಬಾಗಿದರೆ ಸಾಕು.

ಎರಡು ಕಡೆಯಿಂದಲೂ ತಪ್ಪು ನಡೆಯುತ್ತದೆ. ಕೈಯೆತ್ತದವರಿಗೆ ಆತ್ಮವಿಲ್ಲ ಎನ್ನುವವರು ಒಂದು ಕಡೆ. ಕೈಯೆತ್ತುವವರದ್ದೆಲ್ಲ ತೋರಿಕೆ ಎನ್ನುವವರು ಇನ್ನೊಂದು ಕಡೆ. ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮುಂದೆ ಕುಣಿದ ಅರಸ ದಾವೀದನನ್ನು ಕಿಟಕಿಯಿಂದ ನೋಡಿ ಮನಸ್ಸಿನಲ್ಲೇ ತಿರಸ್ಕರಿಸಿದವಳು ಅವನ ಹೆಂಡತಿ ಮೀಕಲಳು (2 ಸಮುವೇಲ 6). ಪಕ್ಕದವರ ಭಂಗಿಯನ್ನು ಅಳೆಯುವ ಕೆಲಸಕ್ಕೆ ಇಳಿದಿದ್ದೀರೆಂದರೆ ನೀವು ಸದ್ಯ ಕಿಟಕಿಯ ಬಳಿ ನಿಂತಿದ್ದೀರಿ.

## ಹಂತ 6: ಈಗ ಹಾಡಿ

ಮೊದಲ ತಿಂಗಳು ಕಳೆದ ಮೇಲೆ ಹಾಡನ್ನು ಸೇರಿಸಿ, ಅದೂ ಒಂದೇ. ವಾದ್ಯವಿಲ್ಲದೆ, ನಿಮ್ಮ ಸಹಜ ಶ್ರುತಿಯಲ್ಲಿ. ಹಾಡುವ ಮೊದಲು ಆ ಹಾಡಿನ ಸಾಲುಗಳನ್ನು ಪ್ರಾರ್ಥನೆಯಂತೆ ಓದಿ. ಅರ್ಥವಾಗದ ಪದವಿದ್ದರೆ ಕೇಳಿ ತಿಳಿದುಕೊಳ್ಳಿ. ಎಷ್ಟೋ ಹಳೆಯ ಸ್ತೋತ್ರಗೀತೆಗಳನ್ನು ಬಾಲ್ಯದಿಂದ ಬಾಯಿಪಾಠವಾಗಿ ಹಾಡುತ್ತೇವೆ, ನಡುವಿನ ಒಂದು ಪದದ ಅರ್ಥವೇ ಗೊತ್ತಿರುವುದಿಲ್ಲ. ಆತ್ಮದಿಂದಲೂ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಎಂದು ಪೌಲನು ಬರೆದದ್ದನ್ನು (1 ಕೊರಿಂಥ 14:15) ನಾವು ಅರ್ಧ ಮಾತ್ರ ಪಾಲಿಸುತ್ತೇವೆ.

ನಿಮ್ಮ ಇವತ್ತಿನ ವಾಕ್ಯಕ್ಕೆ ಹೊಂದುವ ಹಾಡನ್ನು ಆರಿಸುವುದು ಮೇಲು. ಆಧಾರದ ವಾಕ್ಯ ಬರೆದ ದಿನ ಆಧಾರದ ಹಾಡು. ಆಗ ಹಾಡಿನ ಕೆಳಗೆ ನೆಲ ಇರುತ್ತದೆ. ದನಿ ಚೆನ್ನಾಗಿಲ್ಲ ಎನ್ನುವವರು ಹಾಡಿನ ಸಾಲನ್ನು ನಿಧಾನವಾಗಿ ಹೇಳಿದರೂ ಆಯಿತು. ಆದರೆ ಒಬ್ಬರೇ ಇರುವಾಗಲೂ ದನಿಗೆ ನಾಚುತ್ತಿದ್ದರೆ, ಯಾರು ಕೇಳುತ್ತಿದ್ದಾರೆಂದು ನಾಚುತ್ತಿದ್ದೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

## ಹಂತ 7: ದಿನದ ನಡುವೆ

ದಿನಕ್ಕೆ ಏಳು ಸಲ ಸ್ತುತಿಸುತ್ತೇನೆ ಎನ್ನುತ್ತದೆ ಕೀರ್ತನೆ 119:164. ಏಳರಿಂದ ಶುರು ಮಾಡಬೇಡಿ. ಎರಡು ಸಾಕು. ಈಗಾಗಲೇ ಮಾಡುತ್ತಿರುವ ಯಾವುದಾದರೂ ಕೆಲಸಕ್ಕೆ ಅದನ್ನು ಕಟ್ಟಿ: ಬೀಗ ತೆಗೆಯುವಾಗ, ಕೈ ತೊಳೆಯುವಾಗ, ಮೆಟ್ಟಿಲು ಹತ್ತುವಾಗ. ಬೆಳಗಿನ ವಾಕ್ಯವನ್ನೇ ಒಂದು ಸಲ ತುಟಿಯಲ್ಲಿ ಹೇಳಿ, ಮುಂದೆ ನಡೆಯಿರಿ.

ಮನೆಯಲ್ಲಿ ಕುಟುಂಬ ಪ್ರಾರ್ಥನೆ ಇದ್ದರೆ ಮಕ್ಕಳಿಗೂ ಇದೇ ಅಚ್ಚು ಕೊಡಿ. ಪ್ರತಿಯೊಬ್ಬರದ್ದೂ ಒಂದು ವಾಕ್ಯ, ನಡುವೆ "ಯಾಕಂದರೆ". ಮಗು ಮುರಿದ ಪೆನ್ಸಿಲ್ಲಿನ ವಿಷಯ ತಂದರೂ ತಿದ್ದಬೇಡಿ. ದೊಡ್ಡವರು ದೊಡ್ಡ ವಾಕ್ಯ ಕಟ್ಟಿ ಉಪದೇಶಕ್ಕೆ ಇಳಿಯಬೇಡಿ. ನಮ್ಮ ಮನೆಯಲ್ಲಿ ಆ ತಪ್ಪು ಮಾಡುವುದು ನಾನೇ.

## ಹಂತ 8: ಸಭೆಯ ಆರಾಧನೆಗೆ ಹೋಗುವಾಗ

ಆರು ದಿನ ಖಾಲಿ ಇದ್ದು ಏಳನೇ ದಿನ ಸಭೆಯಲ್ಲಿ ತುಂಬಿಸಿಕೊಳ್ಳೋಣ ಎಂಬ ಲೆಕ್ಕ ಕೆಲಸ ಮಾಡುವುದಿಲ್ಲ. ಹಿಂದಿನ ರಾತ್ರಿ ನೋಟ್‌ಬುಕ್ ತೆರೆದು ವಾರದ ವಾಕ್ಯಗಳನ್ನು ಒಮ್ಮೆ ಓದಿ, ಒಂದನ್ನು ಆರಿಸಿ. ಅದನ್ನು ಹಿಡಿದುಕೊಂಡು ಸಭೆಗೆ ಹೋಗಿ. ಹತ್ತು ನಿಮಿಷ ಮುಂಚೆ ಕುಳಿತರೆ ಉತ್ತಮ. ಓಡುತ್ತಾ ಬಂದು ನಿಂತವರ ಮನಸ್ಸು ಮೂರನೇ ಹಾಡಿನ ಹೊತ್ತಿಗೆ ಒಳಗೆ ಬರುತ್ತದೆ.

ಅಲ್ಲಿ ಎದುರಾಗುವ ಕಷ್ಟಗಳು ಮುಖ್ಯವಾಗಿ ಮೂರು.

ಹಾಡು ಗೊತ್ತಿಲ್ಲ. ಸುಮ್ಮನೆ ನಿಂತು ಸಾಲುಗಳನ್ನು ಓದಿ, ನಿಮ್ಮ ವಾಕ್ಯಕ್ಕೆ ಹತ್ತಿರವಾದ ಒಂದು ಸಾಲು ಸಿಕ್ಕರೆ ಅದನ್ನಷ್ಟೇ ಹಾಡಿ.

ಹಾಡಿನ ಸಾಲು ಇವತ್ತು ನಿಮ್ಮ ಪಾಲಿಗೆ ನಿಜವಲ್ಲ. "ಎಲ್ಲವನ್ನೂ ಅರ್ಪಿಸುತ್ತೇನೆ" ಎಂದು ಹಾಡುವಾಗ ಒಳಗೆ ಯಾರೋ ನಕ್ಕ ಹಾಗಾಗುತ್ತದೆ. ಅಂಥ ಸಾಲನ್ನು ಬಿಡುವುದಕ್ಕಿಂತ ಬೇಡಿಕೆಯಾಗಿ ತಿರುಗಿಸಿ: ಅರ್ಪಿಸುವಂತೆ ಮಾಡು. ಸಭೆಯಲ್ಲಿ ಇಷ್ಟು ಬೇಡಿಕೆಗೆ ಜಾಗ ಇದೆ.

ಹಾಡು ನಡೆಸುವವರೇ ಕಿರಿಕಿರಿ ತರುತ್ತಾರೆ. ಇದನ್ನು ನನ್ನ ಬಗ್ಗೆಯೂ ಹೇಳಿದ್ದಾರೆ. ದೃಷ್ಟಿಯನ್ನು ವೇದಿಕೆಯಿಂದ ತೆಗೆದು ಪಕ್ಕದವರ ದನಿಗೆ ಕಿವಿಕೊಡಿ. ಕೀರ್ತನೆಗಳಿಂದಲೂ ಆತ್ಮ ಸಂಬಂಧವಾದ ಹಾಡುಗಳಿಂದಲೂ ಒಬ್ಬರಿಗೊಬ್ಬರು ಬುದ್ಧಿ ಹೇಳಿರಿ ಎನ್ನುತ್ತದೆ ಕೊಲೊಸ್ಸೆ 3:16. ಪಕ್ಕದ ಬೆಂಚಿನಲ್ಲಿ ಶ್ರುತಿ ತಪ್ಪಿ ಹಾಡುತ್ತಿರುವವರೂ ನಿಮಗೆ ಏನೋ ಹೇಳುತ್ತಿದ್ದಾರೆ.

ಹಾಡು ನಡೆಸುವವರಿಗೆ ಎರಡೇ ಮಾತು. ಪ್ರತಿ ಹಾಡಿಗೂ ಮುಂಚೆ ಒಂದು ಕಾರಣ ಕೊಡಿ. ಒಂದು ವಚನ ಸಾಕು, ಪ್ರಸಂಗ ಬೇಡ. ಶ್ರುತಿಯನ್ನು ಸಾಮಾನ್ಯರ ಗಂಟಲಿಗೆ ಇಳಿಸಿ. ಜನ ಹಾಡುವುದು ನಿಲ್ಲಿಸಿ ನೋಡುತ್ತಾ ನಿಂತಿದ್ದಾರೆಂದರೆ ಅದು ಅವರ ಭಕ್ತಿಯ ಕೊರತೆಯಲ್ಲ. ನಿಮ್ಮ ಮೇಲಿನ ಷಡ್ಜ ಅವರಿಗೆ ನಿಲುಕುತ್ತಿಲ್ಲ, ಅಥವಾ ಸ್ಪೀಕರ್ ಅವರ ದನಿಯನ್ನು ನುಂಗಿದೆ.

## ಹಂತ 9: ಬಾಯಿ ಬಾರದ ದಿನ

ಸಾವು, ಕೆಲಸ ಹೋದದ್ದು, ಉತ್ತರ ಸಿಗದ ಪ್ರಾರ್ಥನೆ. ಇಂಥ ದಿನಗಳಲ್ಲಿ "ಆದರೂ ಸ್ತೋತ್ರ ಮಾಡಿ, ಎಲ್ಲ ಸರಿಹೋಗುತ್ತದೆ" ಎಂಬ ಸಲಹೆ ಬರುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೂ ಆ ಸಲಹೆ ಅರ್ಧಂಬರ್ಧ.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮಾತನ್ನು (ಯೋಬ 1:20–21) ನೋಡಿ. ಯೆಹೋವನ ನಾಮಕ್ಕೆ ಸ್ತೋತ್ರ ಎಂಬ ಮಾತು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನದನ್ನು ಬಿಟ್ಟುಬಿಡುತ್ತೇವೆ: ಅವನು ಮೇಲಂಗಿ ಹರಿದುಕೊಂಡ, ತಲೆ ಬೋಳಿಸಿಕೊಂಡ, ನೆಲಕ್ಕೆ ಬಿದ್ದ. ದುಃಖ ಮೊದಲು ತನ್ನ ಜಾಗ ಪಡೆಯಿತು. ದುಃಖವನ್ನು ನುಂಗಿ ಹಾಡಿದರೆ ಹೃದಯದ ಒಂದು ಭಾಗವನ್ನು ಬಾಗಿಲಾಚೆ ನಿಲ್ಲಿಸಿದ ಹಾಗೆ, ಅದು ಪೂರ್ಣ ಹೃದಯವಾಗುವುದಿಲ್ಲ.

ಈ ದಿನಗಳಿಗೆ ಕೀರ್ತನೆ 13 ಹಿಡಿಯಿರಿ. ಆರೇ ವಚನ, ಮೂರು ಮೆಟ್ಟಿಲು. 1–2ರಲ್ಲಿ "ಎಷ್ಟರವರೆಗೆ" ಎಂಬ ದೂರು, 3–4ರಲ್ಲಿ ಬೇಡಿಕೆ, 5–6ರಲ್ಲಿ ಭರವಸೆ ಮತ್ತು ಹಾಡು. ಹಂತ 4ರ ನಿಯಮವನ್ನು ಈ ದಿನಗಳ ಮಟ್ಟಿಗೆ ಪಕ್ಕಕ್ಕಿಟ್ಟು ನಿಮ್ಮ ದೂರನ್ನೂ ಬೇಡಿಕೆಯನ್ನೂ ಹಾಗೆಯೇ ಬರೆಯಿರಿ. ಮೂರನೇ ಮೆಟ್ಟಿಲಿಗೆ ಕಾಲು ಬಾರದಿದ್ದರೆ ಮೊದಲನೆಯದರಲ್ಲೇ ಕುಳಿತಿರಿ. ಕೀರ್ತನೆ 88 ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದನ್ನು ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ.

ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನಗಳಿಲ್ಲದಿದ್ದರೂ ಕರ್ತನಲ್ಲಿ ಉಲ್ಲಾಸಿಸುವೆನು ಎಂದ ಹಬಕ್ಕೂಕನೂ (3:17–18) ಇಲ್ಲದ್ದನ್ನು ಒಂದೊಂದಾಗಿ ಹೆಸರಿಸಿದ. ನಷ್ಟದ ಪಟ್ಟಿ ಮುಚ್ಚಿಟ್ಟು ಹಾಡಲಿಲ್ಲ. ಕೇಡನ್ನೇ ಒಳ್ಳೆಯದೆಂದು ಕರೆಯುವ ಹಂಗು ನಿಮಗೂ ಇಲ್ಲ.

ವಾರಗಟ್ಟಲೆ ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ, ಅದಕ್ಕೆ ಇನ್ನೂ ಹೆಚ್ಚು ಸ್ತುತಿಸುವುದು ಮದ್ದಲ್ಲ. ತಡಮಾಡದೆ ವೈದ್ಯರನ್ನು ಕಾಣಿ, ಹತ್ತಿರದವರೊಬ್ಬರಿಗೆ ಹೇಳಿ. ಪ್ರಾರ್ಥನೆ ಜೊತೆಗೆ ನಡೆಯಲಿ.

## ದಾರಿ ತಪ್ಪುತ್ತಿರುವುದರ ಗುರುತು

ಬಾಯಿಂದ ಸನ್ಮಾನಿಸುತ್ತಾರೆ, ಹೃದಯ ದೂರವಾಗಿದೆ ಎಂಬ ಯೆಶಾಯ 29:13ರ ಮಾತನ್ನು ಯೇಸು ಎತ್ತಿ ಹೇಳಿದ್ದು (ಮತ್ತಾಯ 15:8) ದೇವರ ಹೆಸರಿನಲ್ಲಿ ತಂದೆತಾಯಿಗಳ ಪಾಲನೆಯಿಂದ ನುಣುಚಿಕೊಳ್ಳುತ್ತಿದ್ದವರಿಗೆ. ಗಮನಿಸಿ, ಅಲ್ಲಿ ಅವರ ಹಾಡಿನ ಭಾವ ಸಾಲದು ಎಂಬ ಆಕ್ಷೇಪವಿರಲಿಲ್ಲ. ಮನೆಯಲ್ಲಿ ನಡೆಯುತ್ತಿದ್ದದ್ದರ ಬಗ್ಗೆ ಆಕ್ಷೇಪವಿತ್ತು. ಆಮೋಸ 5:23–24ರಲ್ಲೂ ಹಾಡಿನ ಗದ್ದಲವನ್ನು ತೆಗೆದುಹಾಕಿ ಎಂಬ ಮಾತಿನ ಬೆನ್ನಿಗೇ ನ್ಯಾಯ ಹೊಳೆಯಂತೆ ಹರಿಯಲಿ ಎಂದು ಬರುತ್ತದೆ. ಹಾಗಾಗಿ ನಿಮ್ಮ ಸ್ತುತಿ ಹೇಗಿದೆ ಎಂದು ತಿಳಿಯಲು ಕಣ್ಣೀರನ್ನು ಅಳೆಯಬೇಡಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು, ಮನೆಯವರನ್ನು ಕೇಳಿ. ಇಬ್ರಿಯ 13:15ರ ಸ್ತೋತ್ರಯಜ್ಞದ ಪಕ್ಕದಲ್ಲೇ 16ನೇ ವಚನ ಪರೋಪಕಾರವನ್ನು ಇಟ್ಟಿದೆ.

ಇನ್ನೂ ಕೆಲವು ಗುರುತುಗಳಿವೆ. ಹೊಸ ಹಾಡಿಲ್ಲದೆ ಸ್ತುತಿ ಬರುವುದೇ ಇಲ್ಲ ಎನಿಸುವುದು. ನೋಟ್‌ಬುಕ್ಕಿನ ವಾಕ್ಯಗಳು ವಾರಗಟ್ಟಲೆ ಒಂದೇ ಅಚ್ಚಿನಲ್ಲಿರುವುದು. ಸ್ತುತಿಸಿದರೆ ದೇವರು ಕೊಟ್ಟೇ ಕೊಡಬೇಕು ಎಂಬ ವ್ಯಾಪಾರ ಒಳಗೆ ನುಸುಳುವುದು. ಇದನ್ನು ಹಿಡಿಯುವುದು ಕಷ್ಟ, ಆದರೆ ಕೇಳಿದ್ದು ಸಿಗದ ದಿನ ನೀವು ನೋಟ್‌ಬುಕ್ ಮುಚ್ಚಿಟ್ಟರೆ ಅನುಮಾನಿಸಿ. ಮತ್ತೊಂದು, ಈ ಅಭ್ಯಾಸದ ಬಗ್ಗೆ ನಾಲ್ಕು ಜನರಿಗೆ ಹೇಳದೆ ಇರಲಾಗದಿರುವುದು.

## ಬಿಟ್ಟುಹೋದರೆ

ಹೋಗಿಯೇ ಹೋಗುತ್ತದೆ. ಪ್ರಯಾಣ, ಜ್ವರ, ಬರೀ ಸೋಮಾರಿತನ. ಎರಡು ವಾರ ತಪ್ಪಿದ ಮೇಲೆ ಅಷ್ಟೂ ದಿನದ್ದನ್ನು ತುಂಬಿಸಲು ಹೋಗಬೇಡಿ, ಖಾಲಿ ಪುಟಗಳನ್ನು ಎಣಿಸಬೇಡಿ. ಹೊಸ ಪುಟ ತೆರೆದು ತಾರೀಕು ಹಾಕಿ, ಕೀರ್ತನೆ 117 ಓದಿ. ಎರಡು ವಚನಕ್ಕೆ ಅರ್ಧ ನಿಮಿಷವೂ ಬೇಡ. ಆಮೇಲೆ "ಯಾಕಂದರೆ" ಎಂದು ಬರೆದು, ಮುಂದಿನ ಮಾತು ಹೊಳೆಯುವವರೆಗೆ ಪೆನ್ನು ಕೆಳಗಿಡದೆ ಕುಳಿತಿರಿ.